ಉಸಿರಿನ ಸೋಹಂ, ಬದುಕಿನ ದಾಸೋಹಂ

ಹುಟ್ಟಿದ ಶಿಶುವು ಮೊದಲು ಉಸಿರನ್ನು ಒಳಗೆ ತೆಗೆದುಕೊಳ್ಳುತ್ತದೆ. ದೇಹವನ್ನು ತೊರೆಯುವ ಜೀವವು ಕೊನೆಗೆ ಅದನ್ನು ಹೊರಗೆ ಬಿಡುತ್ತದೆ. ಈ ಎರಡರ ನಡುವಣ ಬದುಕೆಲ್ಲವೂ ಒಂದು ಜಪವೆಂದು ಭಾರತೀಯ ಯೋಗಪರಂಪರೆಯು ಭಾವಿಸಿತು. ಒಳಬರುವ ಶ್ವಾಸದಲ್ಲಿ ‘ಸೋ’ ಎಂಬ ನಾದ, ಹೊರಹೋಗುವ ಶ್ವಾಸದಲ್ಲಿ ‘ಹಂ’ ಎಂಬ ನಾದ; ಕೂಡಿದರೆ ‘ಸೋಹಂ’. ‘ಸಃ’ ಎಂದರೆ ಅವನು, ‘ಅಹಂ’ ಎಂದರೆ ನಾನು; ‘ಅವನೇ ನಾನು’ ಎಂಬುದು ಇದರ ಅರ್ಥ. ಇದನ್ನೇ ತಿರುಗಿಸಿದರೆ ‘ಹಂಸಃ’. ನಾಲಗೆ ಅಲುಗದೆ, ಜಪಮಣಿ ಸರಿಯದೆ ತಾನೇ ತಾನಾಗಿ ನಡೆಯುವುದರಿಂದ ಇದಕ್ಕೆ ಅಜಪಾಜಪವೆಂದೂ ಅಜಪಾ ಗಾಯತ್ರಿಯೆಂದೂ ಹೆಸರು.

ಇಂದು ಈ ಮಂತ್ರವು ಯೋಗಶಿಬಿರಗಳಲ್ಲಿ, ಧ್ವನಿಮುದ್ರಿಕೆಗಳಲ್ಲಿ, ಕೈಯಲ್ಲಿರುವ ಮೊಬೈಲಿನಲ್ಲಿ ಸುಲಭವಾಗಿ ದೊರೆಯುತ್ತಿದೆ. ಮನಸ್ಸಿನ ಒತ್ತಡ ಕಳೆಯಲು ಕೆಲವರು ಇದನ್ನು ಆಶ್ರಯಿಸುತ್ತಾರೆ. ‘ನಾನೇ ದೇವರು’ ಎಂಬ ಹಿಗ್ಗಿಗಾಗಿ ಕೆಲವರು ಹಿಡಿಯುತ್ತಾರೆ. ಮೊದಲನೆಯದು ತಪ್ಪಲ್ಲ, ಆದರೆ ಅಲ್ಪ. ಎರಡನೆಯದು ಅಪಾಯಕಾರಿ. ಉಸಿರು ಹೇಳುತ್ತಿರುವುದನ್ನು ಅರ್ಧ ಮಾತ್ರ ಕೇಳಿಸಿಕೊಂಡಾಗ ಹೀಗಾಗುತ್ತದೆ.

ಯೋಗಗ್ರಂಥಗಳು ಒಂದು ಹಗಲಿರುಳಿನ ಉಸಿರುಗಳನ್ನು ೨೧,೬೦೦ ಎಂದು ಎಣಿಸಿವೆ. ಒಂದು ಘಳಿಗೆಗೆ ೩೬೦ ಉಸಿರು. ೬೦ ಘಳಿಗೆಗೆ ಈ ಮೊತ್ತ. ಇಂದಿನ ಗಡಿಯಾರದ ಲೆಕ್ಕದಲ್ಲಿ ನಿಮಿಷಕ್ಕೆ ೧೫. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ವಯಸ್ಕರು ನಿಮಿಷಕ್ಕೆ ೧೨ರಿಂದ ೨೦ ಬಾರಿ ಉಸಿರಾಡುತ್ತಾರೆಂದು ವೈದ್ಯಶಾಸ್ತ್ರವು ಹೇಳುತ್ತದೆಯಾದ್ದರಿಂದ ಪ್ರಾಚೀನರ ಎಣಿಕೆ ಬರಿಯ ಕಲ್ಪನೆಯಲ್ಲ. ಈ ಸಂಖ್ಯೆಗೆ ಆಕಾಶದ ನಂಟೂ ಇದೆ. ವೃತ್ತವೊಂದರಲ್ಲಿ ೩೬೦ ಅಂಶಗಳು, ಒಂದೊಂದು ಅಂಶದಲ್ಲಿ ೬೦ ಕಲೆಗಳು. ಒಟ್ಟು ೨೧,೬೦೦ ಕಲೆಗಳು. ಒಂದು ಪ್ರಾಣಕಾಲದಲ್ಲಿ ಭೂಮಿಯು ಒಂದು ಕಲೆಯಷ್ಟು ತಿರುಗುತ್ತದೆಂದು ಆರ್ಯಭಟನು ‘ಆರ್ಯಭಟೀಯ’ದಲ್ಲಿ ಹೇಳಿದ್ದಾನೆ. ಮನುಷ್ಯನ ಮೂಗಿನ ಹೊಳ್ಳೆಯಲ್ಲಿ ಸುಳಿಯುವ ಗಾಳಿಗೂ ಭೂಮಂಡಲದ ಸುತ್ತಿಗೂ ಒಂದೇ ಅಳತೆಗೋಲು!

ಇಷ್ಟು ಜಪವನ್ನು ಮಾಡಿದವನು ಅದನ್ನು ಏನು ಮಾಡಬೇಕು? ಪರಂಪರೆಯ ಉತ್ತರ ಗಮನಾರ್ಹವಾದುದು. ಅಜಪಾಜಪ ಸಮರ್ಪಣೆಯೆಂಬ ವಿಧಿಯಲ್ಲಿ ಸಾಧಕನು ಈ ಉಸಿರುಗಳನ್ನೆಲ್ಲ ಹಂಚಿಬಿಡುತ್ತಾನೆ: ಗಣಪತಿಗೆ ೬೦೦, ಬ್ರಹ್ಮ, ವಿಷ್ಣು, ರುದ್ರರಿಗೆ ತಲಾ ೬,೦೦೦, ಜೀವಾತ್ಮ, ಪರಮಾತ್ಮ, ಗುರುವಿಗೆ ತಲಾ ೧,೦೦೦. ಕೂಡಿ ನೋಡಿದರೆ ಸರಿಯಾಗಿ ೨೧,೬೦೦. ‘ನನ್ನದು’ ಎಂದು ಇಟ್ಟುಕೊಳ್ಳಲು ಒಂದು ಉಸಿರೂ ಉಳಿಯುವುದಿಲ್ಲ. ಸೋಹಂ ಎಂಬುದು ಸಂಪಾದನೆಯ ಮಂತ್ರವಾಗಿದ್ದರೆ ಇಂತಹ ವಿಧಿಗೆ ಅಲ್ಲಿ ಎಡೆಯೇ ಇರುತ್ತಿರಲಿಲ್ಲ.

ಈ ಮಾತಿನ ಉಪನಿಷತ್ತಿನ ನೆಲೆಯನ್ನು ನೋಡಿದರೂ ಇದೇ ಕಾಣುತ್ತದೆ. ಈಶಾವಾಸ್ಯೋಪನಿಷತ್ತಿನ ಕಾಣ್ವ ಪಾಠದಲ್ಲಿ ೧೮ ಮಂತ್ರಗಳಿವೆ. ಸೋಹಂ ಎಂಬ ಘೋಷ ಕೇಳಿಬರುವುದು ೧೬ನೆಯದರಲ್ಲಿ. ಅದಕ್ಕೂ ಮೊದಲು, ಪ್ರಥಮ ಮಂತ್ರವು ತ್ಯಾಗದಿಂದ ಬದುಕಬೇಕು, ಪರರ ಸಂಪತ್ತಿಗೆ ಆಸೆಪಡಬಾರದು ಎನ್ನುತ್ತದೆ. ಎರಡನೆಯದು ಕರ್ಮವನ್ನು ಮಾಡುತ್ತಲೇ ನೂರು ವರ್ಷ ಬಾಳಬಯಸಬೇಕು ಎನ್ನುತ್ತದೆ. ೧೫ನೆಯದು ಸತ್ಯದ ಮುಖವನ್ನು ಮುಚ್ಚಿರುವ ಹೊನ್ನಿನ ಮುಚ್ಚಳವನ್ನು ತೆರೆಯೆಂದು ಬೇಡುತ್ತದೆ. ಸೋಹಂ ಬಂದ ಮರುಮಂತ್ರದಲ್ಲಿಯೇ ಪ್ರಾಣವಾಯುವು ಅಮೃತವಾದ ವಾಯುವನ್ನು ಸೇರಲಿ ಎಂಬ ಪ್ರಾರ್ಥನೆ, ಕೊನೆಗೆ ನಮಸ್ಕಾರ. ತ್ಯಾಗ, ದುಡಿಮೆ, ಬೇಡಿಕೆಗಳ ಮೆಟ್ಟಿಲನ್ನು ಏರಿದವನ ಬಾಯಿಂದ ಹೊರಟ ಮಾತು ನಮಸ್ಕಾರದಲ್ಲಿ ಮುಗಿಯುತ್ತದೆ. ಮೊದಲನ್ನೂ ಕೊನೆಯನ್ನೂ ಬಿಟ್ಟು ನಡುವಿನ ಮಾತನ್ನಷ್ಟೇ ಕಿತ್ತುಕೊಂಡವನಿಗೆ ಅಹಂಕಾರವಲ್ಲದೆ ಇನ್ನೇನು ದಕ್ಕೀತು?

ವೇದಾಂತಿಗಳು ಇದನ್ನು ಅರಿತಿದ್ದರು. ಆದುದರಿಂದಲೇ ‘ಅಂದು ಕಂಡ ದೇವದತ್ತನೇ ಇವನು’ ಎಂಬ ಲೋಕದೃಷ್ಟಾಂತವನ್ನು ಮುಂದಿಟ್ಟರು. ಅಂದಿನ ಊರು, ಅಂದಿನ ವಯಸ್ಸುಗಳನ್ನೂ ಇಂದಿನ ಊರು, ಇಂದಿನ ವಯಸ್ಸುಗಳನ್ನೂ ಕಳೆದಾಗಲೇ ಅವನು ಇವನಾಗುವುದು. ಹಾಗೆಯೇ ಹೆಸರು, ಕುಲ, ಅಧಿಕಾರ, ಪಾಂಡಿತ್ಯಗಳನ್ನು ಕಳಚಿದ ಮೇಲೆ ಉಳಿಯುವ ಅರಿವೇ ಸೋಹಂನಲ್ಲಿರುವ ‘ಅಹಂ’. ಆದರೆ ಕಳಚುವುದು ಹೇಗೆ? ಕಣ್ಣುಮುಚ್ಚಿ ಕುಳಿತಾಗ ಕಳಚಿದಂತೆ ತೋರಿದ ಕುಲವು ಊಟದ ಪಂಕ್ತಿಯಲ್ಲಿ ಮತ್ತೆ ತಲೆಯೆತ್ತುತ್ತದೆ. ಸೋಹಂನ ಪರೀಕ್ಷೆ ಧ್ಯಾನದ ಆಸನದ ಮೇಲೆ ನಡೆಯುವುದಿಲ್ಲ. ಆಸನದಿಂದ ಎದ್ದ ಮೇಲೆ ನಡೆಯುತ್ತದೆ.

ಹನ್ನೆರಡನೆಯ ಶತಮಾನದ ಶರಣರು ಈ ಪರೀಕ್ಷೆಗೆ ಒಂದು ಪದವನ್ನು ಕೊಟ್ಟರು. ‘ದಾಸಃ’, ‘ಅಹಂ’ ಕೂಡಿದರೆ ‘ದಾಸೋಹಂ’. ‘ನಾನು ದಾಸ’ ಎಂಬ ಈ ಮಾತಿನ ನಾದದೊಳಗೆ ಸೋಹಂ ಅಡಗಿಯೇ ಇದೆ. ಬಸವಣ್ಣನವರ ವಚನಗಳಲ್ಲಿ ಸೋಹಂಗಿಂತ ದಾಸೋಹಂಗೆ ಹಿರಿಮೆ ಸಂದಿದೆ. ಇದನ್ನು ಕಂಡು, ಶರಣರು ಸೋಹಂ ಭಾವವನ್ನು ತಿರಸ್ಕರಿಸಿದರೆಂದು ವಾದಿಸುವವರಿದ್ದಾರೆ. ದಾಸಭಾವವು ದ್ವೈತದ ಕೆಳಮೆಟ್ಟಿಲೆಂದು ಹಗುರಾಗಿ ಕಾಣುವವರೂ ಇದ್ದಾರೆ. ಎರಡೂ ಅವಸರದ ತೀರ್ಮಾನಗಳು. ಷಟ್‌ಸ್ಥಲದ ಕೊನೆಯ ಸ್ಥಲ ಐಕ್ಯ; ಅಲ್ಲಿ ಒಡೆಯನೂ ಇಲ್ಲ, ಆಳೂ ಇಲ್ಲ. ಆದರೆ ಪ್ರಾಣವೇ ಲಿಂಗವಾಗುವ ಪ್ರಾಣಲಿಂಗಿಸ್ಥಲವು ನಾಲ್ಕನೆಯದು. ಭಕ್ತ, ಮಹೇಶ, ಪ್ರಸಾದಿ ಎಂಬ ಮೂರು ಸ್ಥಲಗಳು ಅದಕ್ಕಿಂತ ಮೊದಲು ಬರುತ್ತವೆ. ಭಕ್ತಿ, ನಿಷ್ಠೆ, ಅರ್ಪಿಸಿ ಸ್ವೀಕರಿಸುವ ಪ್ರಸಾದಗುಣ ನೆಲೆಗೊಂಡ ಬಳಿಕವೇ ಉಸಿರು ಲಿಂಗಮಯವಾಗುತ್ತದೆ. ಈಶಾವಾಸ್ಯದ ಕ್ರಮವೂ ಷಟ್‌ಸ್ಥಲದ ಕ್ರಮವೂ ಇಲ್ಲಿ ಒಂದನ್ನೊಂದು ಹೋಲುತ್ತವೆ.

ಆಯ್ದಕ್ಕಿ ಮಾರಯ್ಯನವರ ಪ್ರಸಂಗವು ಇದಕ್ಕೆ ನಿದರ್ಶನ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಮ್ಮೆ ಅನುಭವಗೋಷ್ಠಿಯಲ್ಲಿ ಮೈಮರೆತ ಅವರಿಗೆ ಕಾಯಕದ ಹೊತ್ತು ಮೀರುತ್ತಿರುವುದನ್ನು ಪತ್ನಿ ಲಕ್ಕಮ್ಮನವರು ನೆನಪಿಸಿದರು. ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಂದಿಗೆ ಬೇಕಾದುದನ್ನು ಉಳಿಸಿಕೊಂಡು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದವರೂ ಆ ತಾಯಿಯೇ. ಪರತತ್ತ್ವದ ಮಾತು ಕೇಳುತ್ತ ದುಡಿಮೆಯನ್ನು ಮರೆಯಬಾರದು. ದುಡಿಮೆಯಲ್ಲಿ ಅಗತ್ಯಕ್ಕಿಂತ ಹೆಚ್ಚನ್ನು ಹಿಡಿದಿಡಬಾರದು. ಲಕ್ಕಮ್ಮನವರು ಅಂದು ಕಲಿಸಿದ್ದು ಉಸಿರಿನ ಧರ್ಮವನ್ನೇ. ತೆಗೆದುಕೊಂಡ ಉಸಿರನ್ನು ಯಾರೂ ಕೂಡಿಡಲಾರರು. ನಾಳೆಗಿರಲೆಂದು ಇಂದೇ ನಾಲ್ಕು ಉಸಿರು ಹೆಚ್ಚಾಗಿ ಎಳೆದಿಟ್ಟುಕೊಂಡ ಸಿರಿವಂತನಿಲ್ಲ. ಒಳಗೆ ಬಂದುದು ಹೊರಗೆ ಹೋಗಲೇಬೇಕು. ಹೋದರೆ ಮಾತ್ರ ಮುಂದಿನದು ಬರುತ್ತದೆ. ಬಿಡದೆ ಹಿಡಿದವನು ಕ್ಷಣಮಾತ್ರದಲ್ಲಿ ತಳಮಳಿಸುತ್ತಾನೆ.

ದೇಹವು ದಿನಕ್ಕೆ ೨೧,೬೦೦ ಬಾರಿ ದಾಸೋಹ ಮಾಡುತ್ತಿದೆ. ಮನಸ್ಸು ಮಾತ್ರ ಸಂಗ್ರಹದಲ್ಲಿ ತೊಡಗಿದೆ. ಈ ವಿರೋಧವನ್ನು ಉಳಿಸಿಕೊಂಡು ಮಾಡುವ ಶ್ವಾಸಧ್ಯಾನವು ಹೊತ್ತುಕಳೆಯುವ ಅಭ್ಯಾಸವಾಗಬಹುದು, ಸಾಧನೆಯಾಗದು. ಬೆಳಗಿನ ಜಾವ ಕುಳಿತು ಸೋಹಂ ಎಂದು ಉಸಿರನ್ನು ಗಮನಿಸುವವನು, ಹಗಲಿನಲ್ಲಿ ತನ್ನ ಅನ್ನದಲ್ಲೊಂದು ತುತ್ತನ್ನು, ತನ್ನ ವೇಳೆಯಲ್ಲೊಂದು ಗಳಿಗೆಯನ್ನು, ತನ್ನ ವಿದ್ಯೆಯಲ್ಲೊಂದು ಪಾಠವನ್ನು ಇನ್ನೊಬ್ಬರಿಗೆ ಸಲ್ಲಿಸಲಿ. ಸಲ್ಲಿಸುವಾಗ ‘ಕೊಟ್ಟವನು ನಾನು’ ಎಂಬ ಭಾವ ಮೂಡಿದರೆ ಒಮ್ಮೆ ತನ್ನ ಉಸಿರಿನ ಕಡೆಗೆ ನೋಡಿಕೊಳ್ಳಲಿ. ಅದು ಹುಟ್ಟಿದಂದಿನಿಂದ ಕೊಡುತ್ತಲೇ ಬಂದಿದೆ, ಒಂದು ದಿನವೂ ಹೇಳಿಕೊಂಡಿಲ್ಲ. ಹೀಗೆ ನಡೆಯುವವನಿಗೆ ಸೋಹಂ ಎಂದು ಬೇರೆ ನುಡಿಯಬೇಕಾಗಿಲ್ಲ. ಅವನ ನಡೆಯೇ ಅಜಪಾಜಪ.