ಕಾಫಿ ಮಲೆಯ ಕೋವಿಗೆ ವಿದೇಶಿ ಕಾಡತೂಸು: ಕಾನೂನು ಹೇಳುವುದೇನು?

ಚಿಕ್ಕಮಗಳೂರು: ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮೆನ್‌ನಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಇಲ್ಲಿನ ಗಿರಿಯಲ್ಲಿ ಬಿತ್ತಿದರೆಂಬುದು ಜನಜನಿತ ಪ್ರತೀತಿ. ಅಂದು ನಿಷೇಧ ಮೀರಿ ಬಂದ ಬೀಜವೇ ಇಂದು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಮಲೆಗಳ ಬದುಕಾಗಿದೆ. ಆದರೆ ಆ ಬೆಳೆಯನ್ನು ಕಾಯುವ ಕೋವಿಗೆ ವಿದೇಶದಿಂದ ಒಂದು ಪೆಟ್ಟಿಗೆ ಕಾಡತೂಸು ತರಲು ಹೊರಟವರು ಸೆರೆಮನೆಯ ಬಾಗಿಲು ಕಾಣಬೇಕಾದೀತು. ಪರವಾನಗಿ ಪಡೆದ ಬೆಳೆಗಾರರಲ್ಲೂ ಅನೇಕರಿಗೆ ಈ ವ್ಯತ್ಯಾಸದ ಅರಿವಿಲ್ಲ.

ಮಲೆನಾಡಿನ ಎಸ್ಟೇಟ್ ಮನೆಗಳಲ್ಲಿ ಕೋವಿ ಅಪರೂಪದ ವಸ್ತುವಲ್ಲ. ಜಿಲ್ಲಾಧಿಕಾರಿಗಳಿಂದ ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದವರ ಮಕ್ಕಳು, ಬಂಧುಗಳು ಗಲ್ಫ್, ಅಮೆರಿಕ, ಯೂರೋಪ್‌ಗಳಲ್ಲಿದ್ದಾರೆ. ರಜೆಗೆ ಬರುವಾಗ ಒಂದಿಷ್ಟು ‘ಫಾರಿನ್ ತೋಟಾ’ ತರುವಂತೆ ಕೇಳುವುದು ಊರಿನವರಿಗೆ ಸಹಜವಾಗಿ ಕಾಣಬಹುದು. ಕಾನೂನಿನ ಕಣ್ಣಿಗೆ ಅದು ಹಾಗೆ ಕಾಣುವುದಿಲ್ಲ.

ಮೂರು ಬಾಗಿಲು

ಯಾವ ಬ್ರ್ಯಾಂಡ್‌ಗೆ ಅನುಮತಿಯಿದೆ, ಯಾವುದಕ್ಕಿಲ್ಲ ಎಂಬುದು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ. ವಾಸ್ತವದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನಲ್ಲ. ಕಾಡತೂಸು ನಿಷೇಧಿತ ವರ್ಗದ್ದೇ, ಅಲ್ಲವೇ? ಹೊಂದಿರುವವನ ಪರವಾನಗಿಯಲ್ಲಿ ಆ ಬೋರ್ ನಮೂದಾಗಿದೆಯೇ? ದೇಶದೊಳಕ್ಕೆ ಬಂದ ದಾರಿ ಸಕ್ರಮವೇ? ಇವೇ ಅದರ ಪ್ರಶ್ನೆಗಳು.

ಕಾಯ್ದೆಯ 10ನೇ ಕಲಂ ಪ್ರಕಾರ ಪರವಾನಗಿಯಿಲ್ಲದೆ ಶಸ್ತ್ರ ಅಥವಾ ಮದ್ದುಗುಂಡನ್ನು ಭಾರತಕ್ಕೆ ತರುವಂತಿಲ್ಲ. ಇದು ಗೃಹ ಇಲಾಖೆಯ ಬಾಗಿಲು. ವ್ಯಾಪಾರಕ್ಕಾಗಿ ತರಿಸುವವರಿಗೆ ವಿದೇಶ ವ್ಯಾಪಾರ ನೀತಿಯ ನಿರ್ಬಂಧಗಳು ಎರಡನೆಯ ಬಾಗಿಲು. ಮೂರನೆಯದು ವಿಮಾನ ನಿಲ್ದಾಣದ ಕಸ್ಟಮ್ಸ್. ಅಲ್ಲಿ 1962ರ ಕಸ್ಟಮ್ಸ್ ಕಾಯ್ದೆಯಡಿ ಮಾಲನ್ನು ಮುಟ್ಟುಗೋಲು ಹಾಕಿಕೊಂಡು ದಂಡವನ್ನೂ ವಿಧಿಸಬಹುದು.

ಐವತ್ತರ ಲೆಕ್ಕ

ಹಾಗಾದರೆ ದಾರಿಯೇ ಇಲ್ಲವೇ? ಕಿರಿದಾದ ದಾರಿಯೊಂದಿದೆ. ಅದೇ 10ನೇ ಕಲಂನ ಪರಂತುಕದಂತೆ, ಕಾನೂನುಬದ್ಧವಾಗಿ ಮದ್ದುಗುಂಡು ಹೊಂದಲು ಅರ್ಹನಾದ ವ್ಯಕ್ತಿ ಸ್ವಂತ ಬಳಕೆಗಾಗಿ ‘ಸಮಂಜಸ ಪ್ರಮಾಣ’ದಲ್ಲಿ ಅದನ್ನು ತರಬಹುದು. 2016ರ ಬ್ಯಾಗೇಜ್ ನಿಯಮಗಳು ಸುಂಕರಹಿತ ಸೌಲಭ್ಯಕ್ಕೆ ಹೊರತಾದ ವಸ್ತುಗಳ ಪಟ್ಟಿಯಲ್ಲಿ ಬಂದೂಕುಗಳನ್ನೂ, 50ಕ್ಕೆ ಮೀರಿದ ಕಾಡತೂಸುಗಳನ್ನೂ ಸೇರಿಸಿದ್ದವು.

ಇಲ್ಲಿಯೇ ಜನ ಎಡವುವುದು. ಐವತ್ತು ಎಂಬುದು ಮಿತಿಯೇ ಹೊರತು ಹಕ್ಕಲ್ಲ. ಪ್ರಮಾಣದ ಬಗೆಗಾಗಲಿ, ಉದ್ದೇಶದ ಬಗೆಗಾಗಲಿ ಸಂಶಯ ಮೂಡಿದರೆ ಕೇಂದ್ರ ಸರ್ಕಾರದ ಆದೇಶ ಬರುವವರೆಗೆ ಮಾಲನ್ನು ತಡೆಹಿಡಿಯುವ ಅಧಿಕಾರ ಕಸ್ಟಮ್ಸ್‌ಗಿದೆ. ಪರವಾನಗಿ ಅಪ್ಪನ ಹೆಸರಿನಲ್ಲಿದ್ದು, ಪೆಟ್ಟಿಗೆ ಹೊತ್ತು ಬಂದವನು ಮಗನಾದರೆ ವಿನಾಯಿತಿಯ ಆಧಾರವೇ ಕುಸಿಯುತ್ತದೆ. ಖುದ್ದಾಗಿ ತರುವ ಪ್ರಯಾಣಿಕನಿಗೆ ಇರುವ ಈ ಸೌಲಭ್ಯವನ್ನು ಕೊರಿಯರ್‌ನಲ್ಲಿ ತರಿಸಿಕೊಳ್ಳುವವರು ಕೇಳುವಂತಿಲ್ಲ.

ತಂದ ಮೇಲೂ ಕಟ್ಟಳೆ ಮುಗಿಯದು. ನೆರೆಯ ಎಸ್ಟೇಟ್‌ನವರಿಗೆ ನಾಲ್ಕು ಕಾಡತೂಸು ಕೈಸಾಲ ಕೊಡುವುದು ಮಲೆನಾಡಿನ ಸೌಜನ್ಯವೆನಿಸಬಹುದು. ಆದರೆ 5ನೇ ಕಲಂ ಪ್ರಕಾರ ಪರವಾನಗಿದಾರನಿಗೇ ಹಸ್ತಾಂತರಿಸುವುದಾದರೂ ಜಿಲ್ಲಾ ದಂಡಾಧಿಕಾರಿಗೆ ಅಥವಾ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು.

ನೆರೆಯ ಕೊಡಗಿನ ಉದಾಹರಣೆ ಕೊಡುವವರಿದ್ದಾರೆ. ಕೊಡವರು ಹಾಗೂ ಜಮ್ಮಾ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ ನೀಡಿರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷ ವಿಸ್ತರಿಸಲಾಯಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿ ಚಿಕ್ಕಮಗಳೂರಿನ ಬೆಳೆಗಾರರಿಗೆ ಅನ್ವಯಿಸದು.

ಹಳೆಯ ಕೋವಿ, ಹೊಸ ಗುಂಡು

ಕಾನೂನಿನಷ್ಟೇ ಮುಖ್ಯವಾದುದು ಜೀವದ ಪ್ರಶ್ನೆ. ಬ್ರಿಟಿಷ್ ಪ್ಲಾಂಟರ್‌ಗಳ ಕಾಲದ ಅನೇಕ 12 ಬೋರ್ ಕೋವಿಗಳ ಗುಂಡಿನ ಮನೆ 65 ಮಿ.ಮೀ. ಉದ್ದದ ಕಾಡತೂಸಿಗೆ ಅಳವಟ್ಟದ್ದು. ಇಂದು ವಿದೇಶಗಳಲ್ಲಿ ಸಾಮಾನ್ಯವಾಗಿ ಸಿಗುವುದು 70 ಅಥವಾ 76 ಮಿ.ಮೀ. ಅಳತೆಯದು. ನೋಡಲು ಒಳಗೆ ಕೂತಂತೆಯೇ ಕಂಡರೂ ಈಡು ಹಾರಿದಾಗ ಒತ್ತಡ ಮಿತಿ ಮೀರಿ ನಳಿಗೆ ಸಿಡಿಯುವ ಅಪಾಯವಿದೆ. ಯೂರೋಪಿನ ಹಲವು ದೇಶಗಳಲ್ಲಿ ಒತ್ತಡ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಕಾಡತೂಸನ್ನು ಮಾರುವಂತಿಲ್ಲ. ಕಳ್ಳದಾರಿಯಲ್ಲಿ ಬಂದ ಮಾಲಿಗೆ ಇಂತಹ ಖಾತರಿ ಕೊಡುವವರಾರು?

ಬಿಗಿ ಏಕೆ?

ಸರ್ಕಾರದ ಬಿಗಿ ನಿಲುವಿಗೆ ಕಾರಣಗಳಿವೆ. ಎರಡು ದಶಕ ನಕ್ಸಲ್ ಚಟುವಟಿಕೆಯ ನೆರಳಿನಲ್ಲಿದ್ದ ಸೀಮೆ ಇದು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದ ಬೆನ್ನಲ್ಲೇ ಕೊಪ್ಪ ತಾಲ್ಲೂಕಿನ ಕಾಡಿನಲ್ಲಿ ಬಂದೂಕು, ಗುಂಡುಗಳು ಪತ್ತೆಯಾದವು. ಲೆಕ್ಕಕ್ಕೆ ಸಿಗದ ಕಾಡತೂಸು ಯಾರ ಕೈ ಸೇರೀತೆಂದು ಹೇಳಲಾಗದು. ಅಂಗಡಿಯಲ್ಲಿ ಕೊಂಡದ್ದಾದರೆ ಪರವಾನಗಿ ಪುಸ್ತಕದಲ್ಲಿ ದಾಖಲಾಗುತ್ತದೆ. ಗುಟ್ಟಾಗಿ ಬಂದದ್ದಕ್ಕೆ ಯಾವ ದಾಖಲೆಯೂ ಇರದು.

ಆದರೆ ಬಿಗಿಯೊಂದೇ ಪರಿಹಾರವಲ್ಲ. ಪುಣೆಯ ಖಡ್ಕಿ ಮದ್ದುಗುಂಡು ಕಾರ್ಖಾನೆಯಂತಹ ದೇಶೀ ಘಟಕಗಳ 12 ಬೋರ್ ಕಾಡತೂಸು ಅಂಗಡಿಯಲ್ಲಿ ಸಕಾಲಕ್ಕೆ, ನ್ಯಾಯವಾದ ಬೆಲೆಗೆ ದೊರೆತರೆ ವಿದೇಶಿ ಪೆಟ್ಟಿಗೆಯ ಮೋಹ ತಾನಾಗಿ ತಗ್ಗುತ್ತದೆ. ಜೊತೆಗೆ, ಮೂರು ಇಲಾಖೆಗಳ ಕಡತಗಳಲ್ಲಿ ಹಂಚಿಹೋಗಿರುವ ನಿಯಮಗಳನ್ನು ಒಂದೇ ಪುಟದ ಸರಳ ಕನ್ನಡದಲ್ಲಿ ಮುದ್ರಿಸಿ, ನವೀಕರಣಕ್ಕೆ ಬರುವ ಪ್ರತಿಯೊಬ್ಬ ಪರವಾನಗಿದಾರನ ಕೈಗಿಡುವುದು ಜಿಲ್ಲಾಡಳಿತಕ್ಕೆ ದೊಡ್ಡ ಹೊರೆಯೇನಲ್ಲ. ತಿಳಿದೂ ಮಾಡಿದ ತಪ್ಪಿಗೆ ಶಿಕ್ಷೆಯಾಗಲಿ. ತಿಳಿಸದೆ ಶಿಕ್ಷಿಸುವುದು ಮಾತ್ರ ಆಡಳಿತಕ್ಕೆ ಶೋಭೆ ತರದು.