ಶಿಲುಬೆಗೂ ಕೇರಿ ಉಂಟೇನ್ರಿ?

ಯೇಸುವಿನ ಮುಂದೆ ಎಲ್ಲರೂ ಒಂದೇ ಅಂತ ಭಾನುವಾರ ಬೋಧಿಸ್ತಾರೆ. ಸರಿ ಸ್ವಾಮಿ. ಹಾಗಾದರೆ ತಮಿಳುನಾಡಿನ ತಿರುಚಿಯ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಿ ಗೋಡೆ ಕಟ್ಟಿದವರು ಯಾರು? ಬಡಗಿಯ ಮಗನ ಹೆಸರು ಹೇಳಿಕೊಂಡು ಹೆಣಕ್ಕೂ ಜಾತಿ ಅಂಟಿಸಿದವರು ಯಾರು?

ಇತ್ತ ಸರ್ಕಾರ ನೋಡಿ. ಕ್ರೈಸ್ತನಾದ ಮೇಲೆ ನಿನಗೆಲ್ಲಿಯ ಅಸ್ಪೃಶ್ಯತೆ ಅನ್ನುತ್ತದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಗೆ ಧರ್ಮದ ಬೇಲಿ ಹಾಕಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಹೊರಗೇ ನಿಂತರು. ಧರ್ಮದ ಷರತ್ತನ್ನೇ ಕಿತ್ತುಹಾಕಿ ಅಂತ 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಹೇಳಿತು. ವರದಿ ಕಪಾಟು ಸೇರಿತು.

ಚರ್ಚು ಜಾತಿ ಇಲ್ಲ ಅನ್ನುತ್ತ ಜಾತಿ ಸಾಕಿತು. ಸರ್ಕಾರ ಅದೇ ಸುಳ್ಳನ್ನು ಕಾನೂನು ಮಾಡಿತು. ಎರಡು ಏಟೂ ಬಿದ್ದದ್ದು ಒಂದೇ ಬೆನ್ನಿಗೆ.

1981ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮೇಲ್ಜಾತಿಯ ದೇವಶಾಸ್ತ್ರವನ್ನು ಪ್ರಶ್ನಿಸಿದರು. ಮುಂದೆ ಕ್ರಿಸ್ತನೇ ದಲಿತ ಎಂದು ಬರೆದರು. ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಎಂದು ಕ್ಯಾಥೊಲಿಕ್ ಬಿಷಪರ ಸಮ್ಮೇಳನ 2016ರಲ್ಲಿ ಲಿಖಿತವಾಗಿಯೇ ಒಪ್ಪಿತು. ಒಪ್ಪಿದರೆ ಸಾಕೇ? ಗೋಡೆ ತಾನಾಗಿ ಬೀಳುತ್ತದೆಯೇ?

ನಂಬಿಕೆ ನನ್ನ ಖಾಸಗಿ ವಿಷಯ ಅನ್ನುವ ಕ್ರೈಸ್ತ ಗೆಳೆಯರೇ, ಪ್ರಾರ್ಥನೆ ಖಾಸಗಿಯಾಗಿರಲಿ. ಗೋಡೆ ಖಾಸಗಿಯಲ್ಲ. ಹಸಿದವರ, ತುಳಿತಕ್ಕೊಳಗಾದವರ ಪಕ್ಕ ನಿಂತದ್ದಕ್ಕೇ ಅವನನ್ನು ಶಿಲುಬೆಗೇರಿಸಿದರು ಅಂತ ನಂಬುತ್ತೀರಲ್ಲ? ಹಾಗಿದ್ದರೆ ಮೊಣಕಾಲೂರುವ ಮೊದಲು ಹಾರೆ ಹಿಡಿಯಿರಿ. ಮೊದಲು ನಿಮ್ಮ ಸ್ಮಶಾನದ ಗೋಡೆಗೆ, ಆಮೇಲೆ ದೆಹಲಿಯ ಬೇಲಿಗೆ.