ಕೋಡಿಬೆಂಗ್ರೆ ಅಂದರೆ ನಾಲಗೆ ಸವೆಯುತ್ತದೆಯೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ತರುಣ ಗೆಳೆಯರೇ,

ಊರಿನ ಹೆಸರಿನ ಬೆಲೆ ಏನು ಅಂತ ನಿಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮ ರಾಮನಗರವನ್ನು ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್ ಎಂದರು. ಬ್ರಿಟಿಷರು ಬಂದ ಮೇಲೆ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆ ಎಂದರು. ಕ್ಲೋಸ್ ಸಾಹೇಬ ಸತ್ತು ಇನ್ನೂರು ವರ್ಷ ದಾಟಿತು. ಆದರೂ ನಮ್ಮ ರಾಮದೇವರ ಬೆಟ್ಟದ ಬಂಡೆಗೆ ಭೂವಿಜ್ಞಾನದ ಪುಸ್ತಕಗಳಲ್ಲಿ ಇವತ್ತಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಹೆಸರು! 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಆ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರು ಬದಲಿಸಿದರು. ಅದು ಸರಿಯೋ ತಪ್ಪೋ ಎಂದು ನೀವು ಹೋಟೆಲಿನಲ್ಲಿ, ಬಸ್ಸಿನಲ್ಲಿ, ರೈಲಿನಲ್ಲಿ ಜಗಳವಾಡಿದ್ದೀರಿ. ಆಡಲೇಬೇಕು. ಊರಿನ ಹೆಸರು ಅಂದರೆ ಸುಮ್ಮನೆಯೆ?

ಆದರೆ ಶುಕ್ರವಾರ ರಾತ್ರಿ ಬೆಂಗಳೂರಿನ ಗೆಳೆಯರ ಜೊತೆ ಉಡುಪಿಯ ಬಸ್ಸು ಹತ್ತುವಾಗ ಯಾರಾದರೂ ‘ಎಲ್ಲಿಗಯ್ಯಾ?’ ಎಂದು ಕೇಳಿದರೆ ಏನನ್ನುತ್ತೀರಿ? ‘ಡೆಲ್ಟಾ ಬೀಚ್‌ಗೆ.’

ಆ ಊರಿಗೊಂದು ಹೆಸರಿದೆ ಸ್ವಾಮಿ. ಕೋಡಿಬೆಂಗ್ರೆ.

ಮಲ್ಪೆಯಿಂದ ಉತ್ತರಕ್ಕೆ, ಹೂಡೆ ದಾಟಿ ಕಡಲಂಚಿನ ರಸ್ತೆ ಹಿಡಿದರೆ ಎಡಕ್ಕೆ ಅರಬ್ಬೀ ಕಡಲು, ಬಲಕ್ಕೆ ಹೊಳೆ. ನಡುವೆ ಉದ್ದಕ್ಕೆ ಮಲಗಿದ ಒಂದು ಮರಳಿನ ಪಟ್ಟಿ. ಆ ಪಟ್ಟಿಯ ಮೇಲೆ ಮನೆ, ತೆಂಗು, ದೋಣಿ, ಬಲೆ, ಒಣಗಲು ಹರಡಿದ ಮೀನು. ಹೋಗುತ್ತಾ ಹೋಗುತ್ತಾ ರಸ್ತೆಯೂ ಮುಗಿಯುತ್ತದೆ, ನೆಲವೂ ಮುಗಿಯುತ್ತದೆ. ಸುವರ್ಣಾ ಮತ್ತು ಸೀತಾ ಹೊಳೆಗಳು ಒಂದಾಗಿ ಕಡಲು ಸೇರುವ ಅಳಿವೆ ಅಲ್ಲಿದೆ. ಆಚೆ ದಡದಲ್ಲಿ ಒಂದು ಕಾಲದ ಬಂದರು ಹಂಗಾರಕಟ್ಟೆ. ಇಷ್ಟೇ ಊರು. ಆದರೆ ಈ ಊರಿನ ಕತೆ ಇಷ್ಟೇ ಅಲ್ಲ.

ಹೆಸರಿನೊಳಗೇ ಎಚ್ಚರಿಕೆ

ಹೆಸರನ್ನು ಬಿಡಿಸಿ ನೋಡಿ. ನಮ್ಮ ಕಡೆ ಕೋಡಿ ಅಂದರೆ ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗ. ‘ಕೆರೆ ಕೋಡಿ ಬಿತ್ತು’ ಅಂದರೆ ಊರಿಗೆ ಊರೇ ಬಾಗಿನ ಹಿಡಿದು ಹೊರಡುತ್ತದೆ. ಕರಾವಳಿಯಲ್ಲಿ ಕೋಡಿ ಅಂದರೆ ನೆಲದ ತುದಿ. ಕುಂದಾಪುರದ ಕೋಡಿ, ಹೆಜಮಾಡಿ ಕೋಡಿ ಎಲ್ಲ ಅಂಥವೇ, ಹೊಳೆ ಕಡಲಿಗೆ ಬೀಳುವ ಕಡೆಯ ಊರುಗಳು. ಮಾತು ಒಂದೇ, ನಾಡಿನ ಎರಡು ಮೂಲೆಯಲ್ಲಿ ಎರಡು ಅರ್ಥ. ಆದರೆ ಎರಡೂ ಹೇಳುವ ಬುದ್ಧಿವಾದ ಒಂದೇ: ಇದು ನೀರಿನ ದಾರಿ, ಅಡ್ಡ ನಿಲ್ಲಬೇಡ!

ಬೆಂಗ್ರೆ ಅಂದರೆ ಹೊಳೆಗೂ ಕಡಲಿಗೂ ನಡುವೆ ಎದ್ದ ಮರಳು ನೆಲ. ಮಂಗಳೂರಿನ ಹಳೇ ಬಂದರಿನ ಎದುರಿಗೆ, ಫಲ್ಗುಣಿ ಹೊಳೆಯಾಚೆ ತೋಟಬೆಂಗ್ರೆ, ಕಸಬಾ ಬೆಂಗ್ರೆಗಳಿವೆ. ಪೇಟೆ ಕಣ್ಣೆದುರಿಗೇ ಇದ್ದರೂ ಅಲ್ಲಿನ ಜನ ದೋಣಿ ಹತ್ತಿ ಹೊಳೆ ದಾಟಿ ಬರುತ್ತಾರೆ. ತುಳು, ಕುಂದಗನ್ನಡ, ಬ್ಯಾರಿ, ಕೊಂಕಣಿ ಎಲ್ಲ ಮಾತೂ ಬೆರೆತ ಕರಾವಳಿಯ ಜನ ತಮ್ಮ ಅನುಭವದಿಂದ ಇಟ್ಟ ಹೆಸರುಗಳಿವು. ಆ ಹೆಸರು ಕೇಳಿದವನಿಗೆ ನೆಲದ ಗುಣ ತಿಳಿಯುತ್ತದೆ. ಇದು ಬಂಡೆಯಲ್ಲ, ಮರಳು. ಇವತ್ತು ಇಲ್ಲಿದೆ, ನಾಳೆ ಸರಿಯಬಹುದು.

ಈಗ ‘ಡೆಲ್ಟಾ’ ಎಂಬ ಹೆಸರನ್ನು ನೋಡಿ. ಡೆಲ್ಟಾ ಅಂದರೆ ಮುಖಜ ಭೂಮಿ. ನದಿ ಕಡಲು ಸೇರುವ ಮೊದಲು ಹಲವು ಕವಲೊಡೆದು ಮೆಕ್ಕಲು ಮಣ್ಣು ಹರಡಿದ ಬಯಲು. ನಮ್ಮ ಕಾವೇರಿಯ ಮುಖಜ ಭೂಮಿ ತಂಜಾವೂರಿನ ಕಡೆ ಇದೆ. ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳು ಅಳಿವೆ ಮಾಡುತ್ತವೆ, ಮುಖಜ ಭೂಮಿ ಮಾಡುವುದಿಲ್ಲ ಎಂದು ಹೈಸ್ಕೂಲಿನ ಭೂಗೋಳದ ಪುಸ್ತಕದಲ್ಲೇ ಓದಿದ್ದೀರಿ. ಅಂದರೆ ಕನ್ನಡ ಮಾತನ್ನು ಕಿತ್ತುಹಾಕಿ ತಂದು ಅಂಟಿಸಿದ ಇಂಗ್ಲಿಷ್ ಮಾತಾದರೂ ಸರಿಯಾಗಿದೆಯೆ? ಅದೂ ಇಲ್ಲ! ನಿಜ ಹೇಳುವ ಹೆಸರನ್ನು ಅಳಿಸಿ ಸುಳ್ಳು ಹೇಳುವ ಹೆಸರನ್ನು ಬರೆದಿದ್ದಾರೆ. ಯಾಕೆಂದರೆ ಸುಳ್ಳು ಹೆಸರಿಗೆ ರೂಮು ಬಾಡಿಗೆ ಜಾಸ್ತಿ ಸಿಗುತ್ತದೆ.

ಮರಳಿನ ಲೇವಾದೇವಿ

ನಾವು ಬಂಡೆಯ ನಾಡಿನವರು. ನಮ್ಮ ಬೆಟ್ಟಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಕಾಲ ಕೆಳಗಿನ ನೆಲ ಜಾಗ ಬಿಟ್ಟು ಹೋಗಬಹುದು ಎಂಬ ಯೋಚನೆಯೇ ನಮಗೆ ಬರುವುದಿಲ್ಲ. ಬೆಂಗ್ರೆಯ ಜನಕ್ಕೆ ಅದು ಪ್ರತಿ ವರ್ಷದ ಮಾತು.

ಮಳೆಗಾಲದ ದೊಡ್ಡ ಅಲೆ ದಂಡೆಯ ಮರಳನ್ನು ಕಿತ್ತು ಕಡಲೊಳಗೆ ಒಯ್ದು ಗುಡ್ಡೆ ಹಾಕುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆ ಅದೇ ಮರಳನ್ನು ಸ್ವಲ್ಪಸ್ವಲ್ಪವಾಗಿ ತಂದು ದಂಡೆಗೆ ಸುರಿಯುತ್ತದೆ. ಸಾಲ ಕೊಟ್ಟು ವಾಪಸು ಪಡೆಯುವ ಲೇವಾದೇವಿ ಇದು. ಇದರ ಜೊತೆಗೆ ಘಟ್ಟದಿಂದ ಹೊಳೆ ಹೊತ್ತು ತರುವ ಹೊಸ ಮರಳು ಪ್ರತಿ ವರ್ಷ ಬಂಡವಾಳವಾಗಿ ಬಂದು ಸೇರುತ್ತದೆ. ಕಡಲಿಗೂ ಹೊಳೆಗೂ ಈ ಲೆಕ್ಕ ಸರಿಯಿರುವವರೆಗೆ ಬೆಂಗ್ರೆ ಉಳಿಯುತ್ತದೆ. ಹೊಳೆಯ ಬಂಡವಾಳ ನಿಂತರೆ? ಕಡಲು ಅಸಲಿಗೇ ಕೈ ಹಾಕುತ್ತದೆ.

ಆ ಬಂಡವಾಳವನ್ನು ನಿಲ್ಲಿಸುತ್ತಿರುವವರು ಯಾರು? ಹೊಳೆಗೆ ಅಡ್ಡ ಕಟ್ಟಿದ ಕಟ್ಟೆಗಳು ಒಂದು ಕಡೆ, ಮರಳಿನ ಲಾರಿ ಇನ್ನೊಂದು ಕಡೆ. ಕರಾವಳಿ ನಿಯಂತ್ರಣ ವಲಯದಲ್ಲಿ ಮರಳುಗಾರಿಕೆಗೆ ನಿಷೇಧವಿದೆ. ದೋಣಿಯ ದಾರಿಗೆ ಅಡ್ಡವಾದ ಮರಳು ದಿಬ್ಬ ತೆಗೆಯುವುದಕ್ಕೆ ಮಾತ್ರ, ಅದೂ ಸಾಂಪ್ರದಾಯಿಕವಾಗಿ ಕೈಯಲ್ಲಿ ತೆಗೆಯುವವರಿಗೆ ಅವಕಾಶ. ದೋಣಿಯ ಹೆಸರಿನಲ್ಲಿ ತೆರೆದ ಆ ಕಿಂಡಿಯಲ್ಲಿ ಲಾರಿ ತೂರಿಸುವವರು ಇರುತ್ತಾರೆ ಎಂಬುದು ನಿಮಗೆ ಬಿಡಿಸಿ ಹೇಳಬೇಕೆ? ಅರ್ಕಾವತಿಯ ಮರಳು ಎಲ್ಲಿ ಹೋಯಿತು ಎಂದು ಬಲ್ಲವರು ನೀವು. ನಂದಿಬೆಟ್ಟದಲ್ಲಿ ಹುಟ್ಟಿ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುವ ಆ ಹೊಳೆಯ ಒಡಲನ್ನು ಬಗೆದು ಬೆಂಗಳೂರಿನ ಮಹಡಿಗಳಿಗೆ ಸುರಿದರು. ಹೊಳೆಯಲ್ಲಿ ಮರಳು ಮುಗಿದ ಮೇಲೆ ಕೆರೆಯಂಗಳದ ಮಣ್ಣು ತೊಳೆದು ‘ಫಿಲ್ಟರ್ ಮರಳು’ ಮಾಡಿದರು. ಹಾಗೆ ಹೊಳೆ ಕಳೆದುಕೊಂಡ ನಾವು ಬಾವಿ ಬತ್ತಿತು ಎಂದು ಅತ್ತೆವು. ಕರಾವಳಿಯಲ್ಲಿ ಹೊಳೆಯ ಮರಳು ಹೋದರೆ ಊರೇ ಹೋಗುತ್ತದೆ.

ಚೆನ್ನೈನಲ್ಲಿರುವ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಲೆಕ್ಕ ತೆಗೆದಿದೆ. ಕರ್ನಾಟಕದ ಕಡಲತಡಿಯಲ್ಲಿ ಶೇಕಡ 23.7 ಭಾಗ ಕೊರೆತಕ್ಕೆ ಸಿಕ್ಕಿದೆ. ಕೇರಳದಲ್ಲಿ ಇದು ಶೇಕಡ 46.4. ‘ಅವರಿಗಿಂತ ನಾವು ವಾಸಿ’ ಎಂದು ಸಮಾಧಾನ ಪಡುವವರು ಪಡಲಿ. ಗಡಿಯಲ್ಲಿ ಒಂದು ಹಳ್ಳಿ ಕೈಬಿಟ್ಟು ಹೋಗುತ್ತದೆ ಅಂದರೆ ನಾವು ಬಂದ್ ಮಾಡುತ್ತೇವೆ, ಟೈರು ಸುಡುತ್ತೇವೆ. ಕಡಲು ತಿಂದ ನೆಲವೂ ಕನ್ನಡನಾಡಿನ ನೆಲವೇ. ಅದಕ್ಕೆ ಒಂದು ಕರಪತ್ರವಾದರೂ ಹೊರಟಿದೆಯೆ?

ಕಲ್ಲು ಹಾಕಿದರೆ ಆಯಿತೆ?

ಪ್ರತಿ ಮಳೆಗಾಲದಲ್ಲೂ ಮಂತ್ರಿಗಳು ಕರಾವಳಿಗೆ ಹೋಗುತ್ತಾರೆ. ಮುರಿದ ರಸ್ತೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ‘ಶಾಶ್ವತ ತಡೆಗೋಡೆ’ ಎನ್ನುತ್ತಾರೆ. ಆಮೇಲೆ ಲಾರಿಗಟ್ಟಲೆ ಬಂಡೆಕಲ್ಲು ಬಂದು ಬೀಳುತ್ತದೆ. ಮನೆ ಬೀಳುವಾಗ ಬೇರೆ ದಾರಿ ಇಲ್ಲ, ಕಲ್ಲು ಹಾಕಲೇಬೇಕು. ಅದನ್ನು ಬೇಡ ಎನ್ನುವ ಹಕ್ಕು ಬೆಟ್ಟದ ಮೇಲೆ ಕುಳಿತ ನಮಗಿಲ್ಲ. ಆದರೆ ಕಲ್ಲಿನ ಗೋಡೆ ಮರಳು ಹುಟ್ಟಿಸುವುದಿಲ್ಲ. ಗೋಡೆಗೆ ಬಡಿದ ಅಲೆ ಎದುರಿನ ಮರಳನ್ನು ಕೆರೆದುಕೊಂಡು ಹೋಗುತ್ತದೆ, ಗೋಡೆ ಮುಗಿದ ಕಡೆ ಪಕ್ಕದ ಮನೆಯವನ ನೆಲಕ್ಕೆ ಬಾಯಿ ಹಾಕುತ್ತದೆ.

ಉಳ್ಳಾಲವನ್ನು ನೋಡಿ. ಏಷ್ಯನ್ ಅಭಿವೃದ್ಧಿ ಬ್ಯಾಂಕು 2010ರಲ್ಲಿ ಮಂಜೂರು ಮಾಡಿದ ಸಾಲದ ಕಾರ್ಯಕ್ರಮದಲ್ಲಿ ಅಲ್ಲಿ ಕಡಲೊಳಗೆ ಕೃತಕ ದಿಬ್ಬಗಳನ್ನು ಕಟ್ಟಿದರು. ಅಷ್ಟೆಲ್ಲ ಆದ ಮೇಲೆ 2022ರ ಮಳೆಗಾಲದಲ್ಲಿ, ಅದರ ದಕ್ಷಿಣಕ್ಕಿರುವ ಸೋಮೇಶ್ವರ ಉಚ್ಚಿಲದ ಕಡೆ ಕಡಲು ರಸ್ತೆಯನ್ನೇ ಕಿತ್ತುಕೊಂಡಿತು. ಒಂದು ಊರು ಉಳಿಸಿದರೆ ಸಾಲದು, ಕಡಲತಡಿಯನ್ನು ಇಡಿಯಾಗಿ ನೋಡಬೇಕು ಎಂಬುದಕ್ಕೆ ಇನ್ನೆಷ್ಟು ಸಾಕ್ಷಿ ಬೇಕು?

ಇನ್ನೂ ದೊಡ್ಡ ಪಾಠ ಬೇಕಿದ್ದರೆ ತಮಿಳುನಾಡಿನ ಧನುಷ್ಕೋಡಿ ಇದೆ. ಅದೂ ಎರಡು ಕಡಲಿನ ನಡುವೆ ಚಾಚಿದ ಮರಳಿನ ತುದಿಯೇ. ರೈಲ್ವೆ ಸ್ಟೇಷನ್, ಅಂಚೆ ಕಚೇರಿ, ಸಿಂಹಳಕ್ಕೆ ಹೋಗುವ ಹಡಗಿನ ಕಟ್ಟೆ ಎಲ್ಲ ಇದ್ದ ಊರು. 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂದು ಊರನ್ನೂ, ಊರಿಗೆ ಬರುತ್ತಿದ್ದ ಪ್ಯಾಸೆಂಜರ್ ರೈಲನ್ನೂ ಜನರ ಸಮೇತ ನುಂಗಿತು. ಆಮೇಲೆ ಸರ್ಕಾರ ಅದನ್ನು ವಾಸಕ್ಕೆ ಯೋಗ್ಯವಲ್ಲ ಎಂದು ಸಾರಿತು. ಇವತ್ತು ಅಲ್ಲಿ ಇಗರ್ಜಿಯ ಮುರಿದ ಗೋಡೆ ನೋಡಲು ಪ್ರವಾಸಿಗರು ಹೋಗುತ್ತಾರೆ. ಕೋಡಿಬೆಂಗ್ರೆಗೆ ಅಂಥ ದಿನ ಬರಬಾರದು. ಬರಬಾರದು ಎಂದರೆ ನೆಲದ ಗುಣ ಬಲ್ಲವರ ಮಾತು ನಡೆಯಬೇಕು.

ಕನ್ನಡ ಅಕ್ಷರದ ಇಂಗ್ಲಿಷ್ ಬೋರ್ಡು

2024ರಲ್ಲಿ ಕಾನೂನು ತಿದ್ದುಪಡಿಯಾಗಿ ಅಂಗಡಿ, ಹೋಟೆಲು, ಕಚೇರಿಗಳ ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕು ಎಂದಾಯಿತು. ಅದು ಹೋರಾಟದ ಗೆಲುವು. ಸಂತೋಷ. ಆದರೆ ‘ಡೆಲ್ಟಾ ಬೀಚ್ ರೆಸಾರ್ಟ್’ ಎಂದು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದರೂ ಕಾನೂನು ತೃಪ್ತಿಯಾಗುತ್ತದೆ! ಅಕ್ಷರ ನಮ್ಮದು, ಹೆಸರು ಯಾರದೋ. ಬಣ್ಣ ಹಿಡಿದು ಬೋರ್ಡು ಅಳಿಸುವ ಹುಡುಗರು ಒಂದು ಕ್ಷಣ ಯೋಚಿಸಿ: ಅಳಿಸಿದ ಜಾಗದಲ್ಲಿ ಏನು ಬರೆಯಬೇಕು ಎಂದು ಗೊತ್ತಿಲ್ಲದಿದ್ದರೆ ಅಳಿಸಿ ಏನು ಫಲ?

ಬೋರ್ಡಿಗಿಂತ ದೊಡ್ಡದು ಕಾಗದ. ಊರಿನ ಹಣೆಬರಹ ಬರೆಯುವ ಸರ್ಕಾರಿ ಕಾಗದ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ, ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮಾಂತರ ಕಡಲತಡಿಯಲ್ಲಿ ಕಟ್ಟಡ ನಿಷೇಧದ ಅಂತರವನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಇದರಿಂದ ಮೀನುಗಾರನ ಮನೆಗೆ ಅನುಕೂಲವೋ, ಮೀನುಗಾರನ ಪಕ್ಕದ ಜಾಗ ಕೊಳ್ಳಲು ಬರುವವನಿಗೆ ಅನುಕೂಲವೋ? ಚರ್ಚೆಯಾಗಬೇಕು. ಆದರೆ ಚರ್ಚೆ ಯಾವ ಭಾಷೆಯಲ್ಲಿ?

2020ರಲ್ಲಿ ಪರಿಸರ ಪರಿಣಾಮದ ಅಂದಾಜಿನ ಹೊಸ ಕರಡನ್ನು ಕೇಂದ್ರ ಸರ್ಕಾರ ಹಿಂದಿ, ಇಂಗ್ಲಿಷಿನಲ್ಲಿ ಹೊರಡಿಸಿ ಜನಾಭಿಪ್ರಾಯ ಕೇಳಿತು. ಆ ವರ್ಷ ಜೂನ್ 30ರಂದು ದೆಹಲಿ ಹೈಕೋರ್ಟು, ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅದನ್ನು ಅನುವಾದಿಸಿ ಎಂದಿತು. ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಅದೇ ಕೊರತೆಯನ್ನು ಎತ್ತಿ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ಅನುವಾದ ಮಾಡಿ ಕೊಡುವುದರ ಬದಲು ಕೇಂದ್ರ ಏನು ಮಾಡಿತು ಗೊತ್ತೆ? ದೆಹಲಿಯ ಆ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು! ನಿನ್ನ ನೆಲದ ವಿಷಯ ನಿನ್ನ ಮಾತಿನಲ್ಲಿ ಹೇಳುವುದಿಲ್ಲ ಎನ್ನುವುದಕ್ಕೆ ಇಷ್ಟು ಹಟ! ಭಾಷೆಯ ಹಕ್ಕು ಅಂದರೆ ಸಿನಿಮಾ, ಕ್ರಿಕೆಟ್ ಕಾಮೆಂಟರಿ, ಬ್ಯಾಂಕ್ ಚಲನ್ ಮಾತ್ರವೆ? ಅಳಿವೆಯ ನಕ್ಷೆಯಲ್ಲಿ ತನ್ನ ಮನೆ ಗೆರೆಯ ಒಳಗಿದೆಯೋ ಹೊರಗಿದೆಯೋ ಎಂದು ಒಬ್ಬ ಮೊಗವೀರ ಹೆಂಗಸು ತಾನೇ ಓದಿ ತಿಳಿಯುವಂತಿರುವುದು ಭಾಷೆಯ ಹಕ್ಕು.

ನೀವು ಮಾಡಬೇಕಾದ್ದು

ಇಷ್ಟು ಓದಿದ ಮೇಲೆ ‘ನಾವೇನು ಮಾಡೋಣ, ಕಡಲು ನಮ್ಮೂರಲ್ಲಿಲ್ಲವಲ್ಲ’ ಎನ್ನಬೇಡಿ. ನಾಲ್ಕು ಕೆಲಸ ಇವೆ.

ಒಂದು, ಹೆಸರು. ಕೋಡಿಬೆಂಗ್ರೆಯನ್ನು ಕೋಡಿಬೆಂಗ್ರೆ ಎನ್ನಿ. ಫೋಟೋ ಹಾಕುವಾಗ ಆ ಹೆಸರನ್ನೇ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಪ್ರವಾಸೋದ್ಯಮ ಇಲಾಖೆಯ ಫಲಕದಲ್ಲಿ ಊರಿನ ಹೆಸರು ಮೊದಲು ಇರಲಿ ಎಂದು ಒಂದು ಅರ್ಜಿ ಕೊಡಿ.

ಎರಡು, ಕಾಗದ. ಕರಾವಳಿ ವಲಯದ ನಕ್ಷೆ, ವರದಿ, ಅಹವಾಲು ಸಭೆಯ ನೋಟೀಸು ಎಲ್ಲವೂ ಕನ್ನಡದಲ್ಲಿ ಬರಬೇಕೆಂದು ನಿಮ್ಮ ಸಂಘಟನೆಯ ಬೇಡಿಕೆಪಟ್ಟಿಯಲ್ಲಿ ಸೇರಿಸಿ. ಬೆಳಗಾವಿ, ಕಾಸರಗೋಡಿನ ಪಕ್ಕದಲ್ಲಿ ಬೆಂಗ್ರೆಗೂ ಒಂದು ಸಾಲು ಇರಲಿ.

ಮೂರು, ಮರಳು. ನಿಮ್ಮ ಮನೆ, ನಿಮ್ಮ ಅಣ್ಣನ ಮನೆ ಕಟ್ಟುವಾಗ ಮರಳು ಯಾವ ಹೊಳೆಯದು ಎಂದು ಕೇಳಿ. ಅರ್ಕಾವತಿಯ ದಂಡೆಯಲ್ಲಿ ರಾತ್ರಿ ಲಾರಿ ನಿಲ್ಲಿಸುವ ಧೈರ್ಯ ಮಾಡಿದವರಿಗೆ ಮಾತ್ರ ಸುವರ್ಣೆಯ ಬಗ್ಗೆ ಮಾತಾಡುವ ನೈತಿಕ ಹಕ್ಕು.

ನಾಲ್ಕು, ನಡತೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮರಿ ಮಾಡುವ ಕಾಲಕ್ಕೆ, ಮುನಿದ ಕಡಲಿಗೆ ಕೊಡುವ ಮರ್ಯಾದೆ ಅದು. ಹೊಟ್ಟೆಪಾಡಿನವರು ಎರಡು ತಿಂಗಳು ಸುಮ್ಮನಿರುವಾಗ ನೀವು ಎರಡು ದಿನ ಅವರ ಅಂಗಳದಲ್ಲಿ ಬಾಟಲಿ ಒಡೆಯದೆ ಇರಲಾರಿರಾ? ಮರಳಿನ ಮೇಲೆ ಜೀಪು ಓಡಿಸದೆ ಇರಲಾರಿರಾ?

ಗೆಳೆಯರೇ, ಬಂಡೆಯ ಮೇಲೆ ಬರೆದ ಹೆಸರು ತಾನಾಗಿ ಉಳಿಯುತ್ತದೆ. ಕ್ಲೋಸ್ ಸಾಹೇಬನ ಹೆಸರು ಉಳಿದಿದ್ದು ಹಾಗೆ. ಮರಳಿನ ಮೇಲಿನ ಊರಿಗೆ ಆ ಭಾಗ್ಯವಿಲ್ಲ. ಅದರ ಹೆಸರು ಜನರ ಬಾಯಲ್ಲಿ ಇದ್ದರೆ ಮಾತ್ರ ಇರುತ್ತದೆ. ಮುಂದಿನ ಸಲ ಬಸ್ ಕಂಡಕ್ಟರು ‘ಎಲ್ಲಿಗೆ?’ ಎಂದಾಗ ಗಟ್ಟಿಯಾಗಿ ಹೇಳಿ, ಪಕ್ಕದ ಸೀಟಿನವನಿಗೂ ಕೇಳಿಸಲಿ:

ಕೋಡಿಬೆಂಗ್ರೆಗೆ!